ಬಹುಮಾನವೂ ಋಣವೂ

ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ ಸರ್ ವಾಲ್ಟರ್ ಸ್ಕಾಟನ 'ಐವನ್‌ಹೋ' ಕಾದಂಬರಿಯ ಹಳೆಯ ಪ್ರತಿಯೊಂದಿದೆ. ರಟ್ಟು ಸಡಿಲಿದೆ, ಬೆನ್ನಿಗೆ ಯಾರೋ ಖಾಕಿ ಬಟ್ಟೆ ಅಂಟಿಸಿದ್ದಾರೆ. ಗ್ರಂಥಭಂಡಾರದ ಪುಸ್ತಕದಲ್ಲಿ ಗೀಟು ಎಳೆಯಬಾರದೆಂದು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ಉಪದೇಶ ಮಾಡುವವನು ನಾನು. ಆದರೂ ಒಪ್ಪಿಕೊಂಡುಬಿಡುತ್ತೇನೆ: ಈ ಪ್ರತಿಯನ್ನು ನಾನು ಮತ್ತೆ ಮತ್ತೆ ಮನೆಗೆ ತರುವುದು, ನನಗಿಂತ ಮೊದಲು ಓದಿದವರು ಅದರ ಅಂಚಿನಲ್ಲಿ ಬರೆದಿಟ್ಟುಹೋದ ಮಾತುಗಳಿಗಾಗಿ.

ಆ ಕಥೆಯ ಸ್ವಾರಸ್ಯದಲ್ಲಿ ಅರ್ಧ ಪಾಲು ಗುಟ್ಟಿನದು. ಆಶ್‌ಬಿಯ ಪಂದ್ಯದ ಕಣಕ್ಕೆ ಹೆಸರು ಹೇಳದ ವೀರನೊಬ್ಬ ಬರುತ್ತಾನೆ. 'ಹಕ್ಕು ಕಳೆದುಕೊಂಡವನು' ಎಂಬರ್ಥದ ಒಂದು ಮಾತು ಅವನ ಗುರಾಣಿಯ ಮೇಲಿದೆ, ಅಷ್ಟೆ. ಕಪ್ಪು ಕವಚದ ಇನ್ನೊಬ್ಬ ಬರುತ್ತಾನೆ. ಗುರಿ ತಪ್ಪದ ಬಿಲ್ಲುಗಾರನೊಬ್ಬ ಬರುತ್ತಾನೆ. ಇವರೆಲ್ಲ ಯಾರು ಎಂಬ ಕುತೂಹಲವೇ ಪುಟ ತಿರುಗಿಸುತ್ತದೆ. ನಮ್ಮ ಪ್ರತಿಯಲ್ಲಿ ಯಾರೋ ಪುಣ್ಯಾತ್ಮ ಮೊದಲನೆಯ ಪುಟದಲ್ಲೇ ಮೂವರ ನಿಜನಾಮವನ್ನೂ ಬರೆದು ಕೆಳಗೆ ಸಹಿ ಬೇರೆ ಹಾಕಿದ್ದಾನೆ. ಅದರ ಕೆಳಗೆ ಬೇರೊಂದು ಕೈಬರಹ: "ನಿನಗೆ ಒಳ್ಳೆಯದಾಗುವುದಿಲ್ಲ."

ಕೊನೆಯ ಪುಟಗಳಲ್ಲಿ ಅಂಚು ಪೂರ್ತಿ ತುಂಬಿಹೋಗಿದೆ. "ರೆಬೆಕಾಳಿಗೆ ಅನ್ಯಾಯವಾಯಿತು" ಎಂದು ಒಬ್ಬರು. "ಸ್ಕಾಟನಿಗೆ ಹೃದಯವಿಲ್ಲ" ಎಂದು ಇನ್ನೊಬ್ಬರು. ಅಕ್ಷರ ನೋಡಿದರೆ ಹೆಣ್ಣುಮಗಳೆಂದು ತೋರುತ್ತದೆ. "ಇದೇ ಸರಿ, ಲೋಕ ಇರುವುದೇ ಹೀಗೆ" ಎಂದು ಮೂರನೆಯವರು ಕೆಂಪು ಶಾಯಿಯಲ್ಲಿ ತೀರ್ಪು ಕೊಟ್ಟಿದ್ದಾರೆ. ಮೂರನೆಯವರು ನನ್ನಂಥ ಅಧ್ಯಾಪಕರೇ ಇರಬೇಕು.

ಕಥೆ ತಿಳಿಯದ ವಾಚಕರಿಗಾಗಿ ನಾಲ್ಕು ಮಾತು. ಹನ್ನೆರಡನೆಯ ಶತಮಾನದ ಕೊನೆಯ ಇಂಗ್ಲೆಂಡು. ರಾಜ ರಿಚರ್ಡ್ ಪರದೇಶದ ಸೆರೆಯಿಂದ ಗುಟ್ಟಾಗಿ ಹಿಂದಿರುಗಿದ್ದಾನೆ; ಗೆದ್ದ ನಾರ್ಮನರಿಗೂ ಸೋತ ಸ್ಯಾಕ್ಸನರಿಗೂ ಇನ್ನೂ ಹೊಂದಿಕೆಯಿಲ್ಲ. ಸ್ಯಾಕ್ಸನ್ ಕುಲದ ಐವನ್‌ಹೋ ತಂದೆಯ ಕೋಪಕ್ಕೆ ಗುರಿಯಾಗಿ ಮನೆ ಬಿಟ್ಟವನು. ಅವನು ಬಾಲ್ಯದಿಂದ ಪ್ರೀತಿಸಿದವಳು ರಾಜವಂಶದ ರೊವೀನಾ. ಇವರ ನಡುವೆ ಬರುವವಳು ಯಾರ್ಕಿನ ಯೆಹೂದಿ ವರ್ತಕ ಐಸಾಕನ ಮಗಳು ರೆಬೆಕಾ. ಕುದುರೆ, ಕವಚಗಳಿಗೆಂದು ಐವನ್‌ಹೋ ಕೊಟ್ಟುಕಳಿಸಿದ ಹಣವನ್ನು ತಂದೆಗೆ ತಿಳಿಯದಂತೆ ಮರಳಿಸುವವಳು ಅವಳು. ಪಂದ್ಯದಲ್ಲಿ ಗಾಯಗೊಂಡು ಬಿದ್ದವನನ್ನು ಔಷಧಿ ಹಚ್ಚಿ ಬದುಕಿಸುವವಳೂ ಅವಳು. ಆ ವೈದ್ಯವನ್ನೇ ಮಾಟವೆಂದು ಕರೆದು, ಅವಳನ್ನು ಕಂಬಕ್ಕೆ ಕಟ್ಟಿ ಸುಡಲು ಧರ್ಮಯೋಧರ ಪಂಚಾಯಿತಿ ನಿರ್ಣಯಿಸುತ್ತದೆ. ಪೂರ್ತಿ ಗುಣವಾಗದ ಮೈಯಲ್ಲೇ ಐವನ್‌ಹೋ ಬಂದು ಅವಳ ಪರವಾಗಿ ಕಣಕ್ಕಿಳಿಯುತ್ತಾನೆ. ಅವಳು ಬದುಕುತ್ತಾಳೆ. ಆಮೇಲೆ ಅವನು ರೊವೀನಾಳನ್ನು ಮದುವೆಯಾಗುತ್ತಾನೆ. ರೆಬೆಕಾ ತಂದೆಯೊಡನೆ ದೇಶ ಬಿಟ್ಟು ಹೋಗುತ್ತಾಳೆ.

ಎಲ್ಲ ಗುಟ್ಟುಗಳೂ ಬಯಲಾಗುತ್ತವೆ. ಕಪ್ಪು ಕವಚದವನು ಯಾರು, ಬಿಲ್ಲುಗಾರನು ಯಾರು ಎಲ್ಲ ತಿಳಿಯುತ್ತದೆ. ಸ್ಕಾಟನೇ ಒಂದು ಗುಟ್ಟಾಗಿದ್ದ. 1814ರಲ್ಲಿ ಬಂದ 'ವೇವರ್ಲಿ'ಯಿಂದ ತೊಡಗಿ ಕಾದಂಬರಿಗಳಿಗೆ ಅವನು ತನ್ನ ಹೆಸರು ಹಾಕಲಿಲ್ಲ. ಬಹಿರಂಗವಾಗಿ ಒಪ್ಪಿಕೊಂಡದ್ದು 1827ರಲ್ಲಿ, ಎಡಿನ್‌ಬರೊದ ಒಂದು ಭೋಜನಕೂಟದಲ್ಲಿ. ಆ ಗುಟ್ಟೂ ಹೋಯಿತು. ಉಳಿದದ್ದು ಒಂದೇ: ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಏಕೆ ಬರಿಗೈಯಲ್ಲಿ ಹೋಗಬೇಕು?

1819ರ ಡಿಸೆಂಬರಿನಲ್ಲಿ ಪುಸ್ತಕ ಹೊರಬಂದ ಮೇಲೆ ಓದುಗರು ಕೇಳಿದ್ದೂ ಇದನ್ನೇ. ರೊವೀನಾಳಿಗಿಂತ ರೆಬೆಕಾ ಎಷ್ಟೋ ಮೇಲಲ್ಲವೆ, ನಾಯಕನ ಕೈಯನ್ನು ಅವಳಿಗೇಕೆ ಕೊಡಲಿಲ್ಲ ಎಂದು ಅನೇಕರು, ಅದರಲ್ಲೂ ಹೆಂಗಸರು, ಆಕ್ಷೇಪಿಸಿದರು. ಹತ್ತು ವರ್ಷ ಕಳೆದ ಮೇಲೆ, 1830ರಲ್ಲಿ ಬರೆದ ಪೀಠಿಕೆಯಲ್ಲಿ ಸ್ಕಾಟ್ ಇದಕ್ಕೆ ಉತ್ತರ ಹೇಳಿದ. ಆ ಕಾಲದ ಮತದ್ವೇಷದಲ್ಲಿ ಅಂಥ ಮದುವೆ ಬಹುಮಟ್ಟಿಗೆ ಅಸಂಭವವೆಂಬುದು ಅವನ ಒಂದು ಮಾತು. ಮುಖ್ಯವಾದದ್ದು ಇನ್ನೊಂದು: ಉದಾತ್ತ ಶೀಲಕ್ಕೆ ಲೌಕಿಕ ಸುಖವನ್ನು ಬಹುಮಾನವಾಗಿ ಕೊಟ್ಟರೆ ಆ ಶೀಲ ಏರುವುದಿಲ್ಲ, ಇಳಿಯುತ್ತದೆ, ಒಳ್ಳೆಯವರಾದರೆ ಬೇಕಾದದ್ದು ಸಿಕ್ಕಿಯೇ ಸಿಕ್ಕುತ್ತದೆಂದು ಎಳೆಯರಿಗೆ ಕಲಿಸುವುದು ಅಪಾಯ ಎಂಬುದು ಅದರ ತಾತ್ಪರ್ಯ.

ಆಕ್ಷೇಪಿಸಿದ ಓದುಗರನ್ನು ಅರಿಯದವರೆಂದು ತಳ್ಳಿಹಾಕುವಂತಿಲ್ಲ. ಡಾಕ್ಟರ್ ಜಾನ್ಸನ್ನನಂಥ ಪಂಡಿತನೇ 'ಲಿಯರ್ ಮಹಾರಾಜ' ನಾಟಕದಲ್ಲಿ ಕಾರ್ಡೀಲಿಯಾಳ ಸಾವಿನಿಂದ ಎದೆಗುಂದಿ, ಸಂಪಾದನೆಯ ಕೆಲಸಕ್ಕೆ ಕೂರುವವರೆಗೆ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಲಾರದೆ ಹೋದನಂತೆ. ನೇಹಮ್ ಟೇಟ್ ಎಂಬಾತ 1681ರಲ್ಲಿ ಅದೇ ನಾಟಕವನ್ನು ತಿದ್ದಿ, ಕಾರ್ಡೀಲಿಯಾಳನ್ನು ಉಳಿಸಿ ಮದುವೆಯನ್ನೂ ಮಾಡಿಸಿದ. ನೂರೈವತ್ತು ವರ್ಷದಷ್ಟು ಕಾಲ ಇಂಗ್ಲಿಷ್ ರಂಗಭೂಮಿಯಲ್ಲಿ ಆಡಿದ್ದು ಆ ತಿದ್ದಿದ ರೂಪವೇ. ಒಳ್ಳೆಯವರಿಗೆ ಒಳ್ಳೆಯದಾಗಲಿ ಎಂಬ ಬಯಕೆ ಅಷ್ಟು ಬಲವಾದದ್ದು.

ಸ್ಕಾಟನೂ ಓದುಗನೊಬ್ಬನ ಬಯಕೆಗೆ ಒಮ್ಮೆ ಮಣಿದಿದ್ದಾನೆ. ಈ ಕಥೆಯಲ್ಲೇ ಅಥೆಲ್‌ಸ್ಟನ್ ಎಂಬ ಸ್ಯಾಕ್ಸನ್ ಶ್ರೀಮಂತನೊಬ್ಬ ತಲೆಗೆ ಏಟು ಬಿದ್ದು ಸಾಯುತ್ತಾನೆ. ಕೈಬರಹವನ್ನು ಓದಿದ ಮುದ್ರಕ ಮಿತ್ರನಿಗೆ ದುಃಖ ತಡೆಯಲಾಗಲಿಲ್ಲ. ಅವನನ್ನು ಬದುಕಿಸಲೇಬೇಕೆಂದು ಹಟ ಹಿಡಿದ. ಸ್ಕಾಟ್ ಬದುಕಿಸಿದ. ಸತ್ತವನು ಹೆಣದ ಬಟ್ಟೆಯಲ್ಲೇ ಎದ್ದುಬಂದು, ಮಠದವರು ತನ್ನನ್ನು ಉಪವಾಸ ಕೆಡವಿದರೆಂದು ಗೋಳಾಡುತ್ತಾನೆ. ಓದಿದವರು ನಕ್ಕರು, ಅಸಂಭವವೆಂದು ಟೀಕಿಸಿದರು. ಮುದ್ರಕನ ಕಾಟಕ್ಕೆ ಹೀಗೆ ಮಾಡಬೇಕಾಯಿತೆಂದು ಸ್ಕಾಟನೇ ಅಡಿಟಿಪ್ಪಣಿಯಲ್ಲಿ ಹೇಳಿಕೊಂಡಿದ್ದಾನೆ.

ರೆಬೆಕಾಳ ವಿಷಯದಲ್ಲಿ ಸ್ಕಾಟ್ ಮಾಡದೆ ಬಿಟ್ಟದ್ದನ್ನು ಥ್ಯಾಕರೆ ಮಾಡಿದ. 'ರೆಬೆಕಾ ಮತ್ತು ರೊವೀನಾ' ಎಂಬ ಅವನ ಪುಟ್ಟ ವಿನೋದಕಥೆ 1850ರ ಮುದ್ರೆ ಹೊತ್ತು ಹೊರಬಂತು. ಅದರಲ್ಲಿ ರೊವೀನಾ ಗಂಡನನ್ನು ಕಾಡುವ ಗಯ್ಯಾಳಿ. ಅವಳು ಸತ್ತ ಮೇಲೆ ಐವನ್‌ಹೋ ರೆಬೆಕಾಳನ್ನು ಹುಡುಕಿ ಮದುವೆಯಾಗುತ್ತಾನೆ. ಆದರೆ ಅದಕ್ಕಾಗಿ ರೆಬೆಕಾ ಕ್ರೈಸ್ತಳಾಗಬೇಕಾಗುತ್ತದೆ. ಮೂಲಕಥೆಯಲ್ಲಿ ಅವಳು ಬೆಂಕಿಯ ಎದುರಿನಲ್ಲೂ ಬಿಡಲೊಪ್ಪದ ಮತವನ್ನು ಇಲ್ಲಿ ಮದುವೆಗಾಗಿ ಬಿಡುತ್ತಾಳೆ. ಇಷ್ಟೆಲ್ಲ ಮಾಡಿದ ಥ್ಯಾಕರೆಗೂ ಅವರ ಸಂಸಾರವನ್ನು ನಗುನಗುತ್ತ ಮುಗಿಸಲು ಕೈಬರಲಿಲ್ಲ. ಇಬ್ಬರೂ ಗಂಭೀರವಾಗಿ ಬಾಳಿ ಬೇಗನೆ ತೀರಿಕೊಂಡರೆಂದು ಹೇಳಿ ಪುಸ್ತಕ ಮುಚ್ಚುತ್ತಾನೆ.

ನಮ್ಮ ನಾಡಿಗೂ ಈ ವಿಷಯದಲ್ಲಿ ಒಂದು ಪಾಲು ಉಂಟು. ಇಂಡಿಯಕ್ಕೆ ಎಂದೂ ಬಾರದ ಸ್ಕಾಟ್, 1827ರಲ್ಲಿ ಪ್ರಕಟಿಸಿದ 'ಸರ್ಜನ್ನನ ಮಗಳು' ಎಂಬ ಕಥೆಯ ಕೊನೆಯ ಘಟ್ಟವನ್ನು ಹೈದರಾಲಿಯ ಕಾಲದ ಮೈಸೂರು ರಾಜ್ಯದಲ್ಲಿ ಇಟ್ಟಿದ್ದಾನೆ. ಮೆನಿ ಗ್ರೇ ಎಂಬ ಹುಡುಗಿಯನ್ನು ಅವಳು ನಂಬಿದ ಪ್ರಿಯನೇ ಟೀಪುವಿಗೆ ಒಪ್ಪಿಸಲು ಕರೆಸಿಕೊಳ್ಳುತ್ತಾನೆ. ಹಾರ್ಟ್ಲಿ ಎಂಬ ಸಜ್ಜನ ವೈದ್ಯ ಹೈದರನ ಮೊರೆಹೊಕ್ಕು ಅವಳನ್ನು ಬಿಡಿಸುತ್ತಾನೆ. ದ್ರೋಹಿ ಬೆಂಗಳೂರಿನಲ್ಲಿ ಆನೆಯ ಕಾಲಿಗೆ ಸಿಕ್ಕಿ ಸಾಯುತ್ತಾನೆ. ಇನ್ನೇನು, ಹಾರ್ಟ್ಲಿಗೂ ಅವಳಿಗೂ ಮದುವೆ ಎಂದು ಓದುಗ ಕಾಯುತ್ತಾನೆ. ಹಾರ್ಟ್ಲಿ ಅಂಟುರೋಗದವರ ಶುಶ್ರೂಷೆ ಮಾಡುತ್ತ ಅದೇ ರೋಗಕ್ಕೆ ತುತ್ತಾಗುತ್ತಾನೆ. ಅವಳು ಒಂಟಿಯಾಗಿ ತನ್ನ ಊರಿಗೆ ಮರಳುತ್ತಾಳೆ. ಅಂದರೆ, ರೆಬೆಕಾಳಿಗೆ ಆದದ್ದು ಸ್ಕಾಟನ ಒಂದು ದಿನದ ಮರವೆಯಲ್ಲ. ಅದು ಅವನ ನಿಶ್ಚಯ.

ಕಳೆದ ವರ್ಷ ಕಾದಂಬರಿಯ ಇತಿಹಾಸ ಹೇಳುತ್ತ ತರಗತಿಯಲ್ಲಿ ಇದನ್ನೆಲ್ಲ ವಿವರಿಸಿದೆ. ಸ್ಕಾಟನ ಉತ್ತರವನ್ನು ಹೇಳುವಾಗ ನನ್ನ ಕಂಠವೂ ಸ್ವಲ್ಪ ಏರಿರಬೇಕು. "ಒಳ್ಳೆಯತನಕ್ಕೆ ಒಳ್ಳೆಯತನವೇ ಬಹುಮಾನ, ಬೇರೆ ಬಹುಮಾನ ಕೇಳಿದರೆ ಅದು ವ್ಯಾಪಾರವಾಗುತ್ತದೆ" ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸಾರ್, ಇದನ್ನು ಹೇಳಬೇಕಾದವರು ಯಾರು?"

ನನಗೆ ಅರ್ಥವಾಗಲಿಲ್ಲ. "ಯಾರಾದರೇನಮ್ಮ? ಮಾತು ನಿಜವೇ ತಾನೆ?"

"ರೆಬೆಕಾ ಹೇಳಿಕೊಂಡರೆ ಸರಿ, ಸಾರ್. ಅವಳಿಂದ ಉಪಕಾರ ತೆಗೆದುಕೊಂಡವರು ಹೇಳಬಹುದೇ?"

ಗಂಟೆ ಹೊಡೆಯಿತು. ಅಧ್ಯಾಪಕನಾದವನಿಗೆ ಗಂಟೆ ಎಷ್ಟೋ ಸಲ ದೇವರಂತೆ ಬರುತ್ತದೆ. "ನಾಳೆ ನೋಡೋಣ" ಎಂದು ಹಾಜರಿ ಪುಸ್ತಕ ಎತ್ತಿಕೊಂಡು ಹೊರಟೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಅಕ್ಕನಿಗೆ ಈ ಕಥೆ ಹೇಳಿದೆ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ತಂದೆ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ನನಗೆ ಒಂಬತ್ತು, ತಮ್ಮನಿಗೆ ಆರು. ಓದು ಬಿಟ್ಟು ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾಗಿ ಸೇರಿದಳು. ನನ್ನ ಎಂ.ಎ.ವರೆಗಿನ ಶುಲ್ಕ, ತಮ್ಮನ ಇಂಜಿನಿಯರಿಂಗ್ ಓದು, ತಾಯಿಯ ಔಷಧಿ ಎಲ್ಲ ಆ ಸಂಬಳದಲ್ಲೇ. ಬಂದ ಎರಡು ಸಂಬಂಧಗಳನ್ನು "ಹುಡುಗರದು ಒಂದು ದಡ ಮುಟ್ಟಲಿ" ಎಂದು ಮುಂದೆ ಹಾಕಿದಳು, ಮೂರನೆಯದು ಬರಲಿಲ್ಲ. ಈಗ ನಮ್ಮೊಡನೆಯೇ ಇದ್ದಾಳೆ.

ಅಕ್ಕ ಕಥೆಗಳನ್ನು ಚೆನ್ನಾಗಿ ಕೇಳುತ್ತಾಳೆ, ನಡುವೆ ಮಾತಾಡುವುದಿಲ್ಲ. ಕಪ್ಪು ಕವಚದವನೇ ರಾಜನೆಂದಾಗ, "ನನಗೆ ಆಗಲೇ ಅನ್ನಿಸಿತ್ತು" ಎಂದಳು. ಕೊನೆಯ ಸನ್ನಿವೇಶ ಹೇಳಿದೆ. ಮದುವೆಯಾದ ಎರಡನೆಯ ದಿನ ಬೆಳಗ್ಗೆ ರೆಬೆಕಾ ರೊವೀನಾಳನ್ನು ಕಾಣಲು ಬರುತ್ತಾಳೆ. ಪ್ರಾಣ ಉಳಿಸಿದ್ದಕ್ಕೆ ನಿನ್ನ ಗಂಡನಿಗೆ ನನ್ನ ಕೃತಜ್ಞತೆ ತಿಳಿಸು ಎನ್ನುತ್ತಾಳೆ. ಬೆಳ್ಳಿಯ ಭರಣಿಯೊಂದನ್ನು ಮುಂದಿಡುತ್ತಾಳೆ. ಒಳಗೆ ವಜ್ರದ ಸರ, ವಜ್ರದ ಓಲೆ. ಇಷ್ಟು ಬೆಲೆಯ ಕಾಣಿಕೆ ಬೇಡವೆಂದು ರೊವೀನಾ ಹೇಳಿದರೂ, ನಾನು ಇನ್ನು ಒಡವೆ ತೊಡುವುದಿಲ್ಲ, ಇಟ್ಟುಕೋ ಎಂದು ಹೇಳಿ ಹೊರಟುಹೋಗುತ್ತಾಳೆ. ರೋಗಿಗಳ, ದೀನರ ಸೇವೆಯಲ್ಲಿ ಬಾಳು ಕಳೆಯುತ್ತೇನೆನ್ನುತ್ತಾಳೆ.

ಅಕ್ಕ ಮಜ್ಜಿಗೆ ಬಡಿಸುತ್ತಿದ್ದವಳು ಸೌಟು ನಿಲ್ಲಿಸಿ ಕೇಳಿದಳು: "ಆ ಒಡವೆ ಅವರು ಇಟ್ಟುಕೊಂಡರೇನೋ?"

"ಇಟ್ಟುಕೊಂಡರು ಅಂತ ಕಾಣುತ್ತೆ, ಅಕ್ಕ. ಸ್ಕಾಟ್ ಮುಂದೆ ಹೇಳಿಲ್ಲ."

"ಹೂಂ" ಎಂದು ಮಜ್ಜಿಗೆ ಬಡಿಸಿ ಒಳಗೆ ಹೋದಳು.

ಅವಳು ಯಾವುದನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೇಳಿದ ಪ್ರಶ್ನೆಯಲ್ಲ ಅದು. ಆದರೆ ನನಗೆ ಅನ್ನ ಗಂಟಲಲ್ಲಿ ನಿಂತಿತು. ಏಕೆಂದರೆ ಹತ್ತು ವರ್ಷದ ಹಿಂದೆ ಊರಿನ ಮನೆಯನ್ನು ನನ್ನ ಹೆಸರಿಗೂ ತಮ್ಮನ ಹೆಸರಿಗೂ ಮಾಡಿಸಿಕೊಳ್ಳುವಾಗ ಅಕ್ಕನಿಂದ ಹಕ್ಕು ಖುಲಾಸೆ ಪತ್ರಕ್ಕೆ ರುಜು ಹಾಕಿಸಿದವರು ನಾವಿಬ್ಬರು. ಮಗಳಿಗೂ ಸಮಪಾಲು ಎಂದು ಕಾನೂನು ಹೇಳುತ್ತದೆಂದು ನಮಗೆ ತಿಳಿದಿತ್ತು. "ನೀನು ನಮ್ಮ ಜೊತೆಗೇ ಇರುವವಳು, ನಿನಗೆ ಬೇರೆ ಪಾಲು ಏಕಕ್ಕ?" ಎಂದೆವು. ಅವಳೂ "ಹೌದಲ್ಲ" ಎಂದು ಕನ್ನಡಕ ಹಾಕಿಕೊಂಡು ರುಜು ಮಾಡಿದಳು. ಕಚೇರಿಯಿಂದ ಹೊರಗೆ ಬಂದು ನಾವು ಅವಳ ಕಾಲು ಮುಟ್ಟಿ ನಮಸ್ಕರಿಸಿದೆವು. ತಮ್ಮನ ಗೃಹಪ್ರವೇಶದಲ್ಲಿ ಶಾಲು ಹೊದಿಸಿ 'ತ್ಯಾಗಮಯಿ' ಎಂದು ನಾನೇ ಭಾಷಣ ಮಾಡಿದೆ. ಎಲ್ಲರೂ ಕಣ್ಣೊರೆಸಿಕೊಂಡರು.

ಅಂದಿನಿಂದ ಈ ಪ್ರಶ್ನೆಯನ್ನು ನಾನು ಬಿಟ್ಟರೂ ಅದು ನನ್ನನ್ನು ಬಿಡದೆ ಹೋಯಿತು. ಯೋಚಿಸಿದಂತೆಲ್ಲ ತೋರಿದ್ದು ಇಷ್ಟು: ನಾವು ಬಹುಮಾನ ಮತ್ತು ಋಣ ಎಂಬ ಎರಡು ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ಹಾಕಿದ್ದೇವೆ. ಸದ್ಗುಣಕ್ಕೆ ಬಹುಮಾನ ಬೇಡವೆಂಬ ಮಾತು ನಿಜ. ಕೊಡುವವನು ಪ್ರತಿಫಲದ ಲೆಕ್ಕ ಹಾಕಿದರೆ ಕೊಡುವಿಕೆಯೇ ಕೆಡುತ್ತದೆ. ಆದರೆ ಪಡೆದವನ ಲೆಕ್ಕ ಬೇರೆ. ಕೊಟ್ಟವಳು ಕೇಳಲಿಲ್ಲವೆಂಬ ಕಾರಣದಿಂದ ಪಡೆದವನ ಸಾಲ ತೀರುವುದಿಲ್ಲ. ಬಹುಮಾನ ಕೊಟ್ಟರೂ ಸರಿ, ಬಿಟ್ಟರೂ ಸರಿ; ಋಣವನ್ನು ತೀರಿಸಬೇಕು. ರೆಬೆಕಾಳ ನಿಷ್ಕಾಮತೆಯನ್ನು ಹೊಗಳುತ್ತ ರೊವೀನಾ ಒಡವೆಯನ್ನು ಇಟ್ಟುಕೊಳ್ಳಬಹುದೆಂದು ಸ್ಕಾಟ್ ಎಲ್ಲೂ ಹೇಳಿಲ್ಲ. ಹೇಳುತ್ತಿರುವವರು ನಾವು.

ಸ್ಕಾಟನ ಬಾಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1826ರಲ್ಲಿ ಅವನು ಪಾಲುದಾರನಾಗಿದ್ದ ಮುದ್ರಣ ಸಂಸ್ಥೆಯೂ ಅವನ ಪ್ರಕಾಶಕನೂ ದಿವಾಳಿಯಾದರು. ಒಂದು ಲಕ್ಷ ಇಪ್ಪತ್ತು ಸಾವಿರ ಪೌಂಡು ದಾಟಿದ ಸಾಲ ಅವನ ತಲೆಗೆ ಬಂತು. ದಿವಾಳಿ ಅರ್ಜಿ ಹಾಕಿ ಕೈತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡದೆ, ನನ್ನ ಲೇಖನಿಯಿಂದಲೇ ತೀರಿಸುತ್ತೇನೆಂದು ಕುಳಿತ. ಆರೋಗ್ಯ ಕೆಟ್ಟರೂ ಬರೆದ. 1832ರಲ್ಲಿ ಸಾಯುವವರೆಗೆ ಬರೆದ. ಉಳಿದದ್ದು ಅವನ ಕೃತಿಗಳ ಹಕ್ಕಿನ ಹಣದಿಂದ ಅವನು ಹೋದ ಮೇಲೆ ತೀರಿತು. ರೆಬೆಕಾಳಿಗೆ ಬಹುಮಾನ ಏಕೆ ಕೊಡಲಿಲ್ಲವೆಂದು ಅವನು ವಿವರಿಸಿದ ಆ ಪೀಠಿಕೆ, ಸಾಲ ತೀರಿಸಲೆಂದೇ ಹೊರಡಿಸುತ್ತಿದ್ದ ಸಮಗ್ರ ಸಂಪುಟಗಳಿಗಾಗಿ ಬರೆದದ್ದು. ಬಹುಮಾನ ಬೇಡವೆಂದವನೇ ಋಣಕ್ಕೆ ಅಷ್ಟು ಕಟ್ಟುಬಿದ್ದಿದ್ದ. ಮೊದಲನೆಯದನ್ನು ನಾನು ಇಪ್ಪತ್ತು ವರ್ಷ ಪಾಠ ಹೇಳಿದೆ. ಎರಡನೆಯದನ್ನು ಲೇಖಕನ ಜೀವನವೃತ್ತಾಂತವೆಂದು ಒಂದು ವಾಕ್ಯದಲ್ಲಿ ಮುಗಿಸಿದೆ.

ಹಾಗಾದರೆ ಓದುಗರು ಬಯಸಿದಂತೆ ಮದುವೆ ಮಾಡಿಸಿದ್ದರೆ ಋಣ ತೀರುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ತೀರುತ್ತಿರಲಿಲ್ಲ, ತೀರಿತೆಂಬ ಭ್ರಮೆ ಹುಟ್ಟುತ್ತಿತ್ತು. ರೆಬೆಕಾಳಿಗೆ ಅನ್ಯಾಯ ಮಾಡಿದವನು ಐವನ್‌ಹೋ ಒಬ್ಬನೇ ಅಲ್ಲ. ಅವಳ ತಂದೆ ಐಸಾಕ್ ಯಾರ್ಕಿನವನು. ಕಥೆ ನಡೆಯುವ ಕಾಲಕ್ಕೆ ನಾಲ್ಕೇ ವರ್ಷ ಹಿಂದೆ, 1190ರ ಮಾರ್ಚಿನಲ್ಲಿ, ಯಾರ್ಕಿನ ಕೋಟೆಯಲ್ಲಿ ಆಶ್ರಯ ಪಡೆದಿದ್ದ ಸುಮಾರು 150 ಮಂದಿ ಯೆಹೂದಿಗಳು ಜನರ ಗುಂಪಿಗೆ ಸಿಕ್ಕಿ ಸತ್ತರು. ಹಲವರು ಆ ಕೈಗೆ ಸಿಕ್ಕುವುದಕ್ಕಿಂತ ತಾವೇ ಪ್ರಾಣ ಬಿಟ್ಟರು. ನೂರು ವರ್ಷದ ಮೇಲೆ, 1290ರಲ್ಲಿ, ಒಂದನೆಯ ಎಡ್ವರ್ಡ್ ಇಂಗ್ಲೆಂಡಿನ ಯೆಹೂದಿಗಳೆಲ್ಲರನ್ನೂ ದೇಶದಿಂದ ಹೊರಹಾಕಿದ. ರೆಬೆಕಾ ತಾನು ಹೋಗುತ್ತಿರುವುದು ಸ್ಪೇನಿನ ಗ್ರನಾಡಕ್ಕೆ, ದೊರೆ ಬೋಅಬ್ದಿಲನ ನೆರಳಿಗೆ ಎನ್ನುತ್ತಾಳೆ. ಇಲ್ಲಿ ಸ್ಕಾಟನ ಕಾಲಗಣನೆ ಮುನ್ನೂರು ವರ್ಷ ತಪ್ಪಿದೆ. ಬೋಅಬ್ದಿಲ್ ಗ್ರನಾಡದ ಕೊನೆಯ ದೊರೆ. 1492ರಲ್ಲಿ ರಾಜ್ಯ ಕಳೆದುಕೊಂಡವನು. ಅದೇ ವರ್ಷ, ಮತಾಂತರಕ್ಕೆ ಒಪ್ಪದ ಯೆಹೂದಿಗಳು ಸ್ಪೇನ್ ಬಿಡಬೇಕೆಂದು ಆಜ್ಞೆ ಹೊರಟಿತು. ಆಶ್ರಯಕ್ಕೆಂದು ಸ್ಕಾಟ್ ಹುಡುಕಿದ ಹೆಸರೂ ಅವಳಿಗೆ ಆಶ್ರಯ ಕೊಡುವಂಥದಲ್ಲ.

ಇಷ್ಟು ದೊಡ್ಡ ಸಾಲವನ್ನು ಒಂದು ಮದುವೆಯ ಊಟದಲ್ಲಿ ಮುಗಿಸಿದ್ದರೆ, ಓದುಗ ಪುಸ್ತಕ ಮುಚ್ಚಿ ಸುಖವಾಗಿ ನಿದ್ದೆ ಮಾಡುತ್ತಿದ್ದ. "ರೆಬೆಕಾಳಿಗೆ ಅನ್ಯಾಯವಾಯಿತು" ಎಂದು ಅಂಚಿನಲ್ಲಿ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆ ಅಸಮಾಧಾನ ಕಥೆಯ ದೋಷವಲ್ಲವೆಂದು ಈಗ ನನಗೆ ತೋರುತ್ತದೆ. ತೀರದ ಬಾಕಿಯನ್ನು ಯಾರೋ ಒಬ್ಬರಾದರೂ ನೆನಪಿಟ್ಟಿದ್ದಾರೆಂಬುದಕ್ಕೆ ಅದೇ ಗುರುತು. ಸ್ಕಾಟ್ ಮಾಡಿದ್ದು ಸರಿ. ಅದರ ಮೇಲೆ ಕೋಪಿಸಿಕೊಂಡ ಓದುಗರೂ ಸರಿ. ಕೆಂಪು ಶಾಯಿಯವರು ಮಾತ್ರ ತಪ್ಪು. "ಲೋಕ ಇರುವುದೇ ಹೀಗೆ" ಎಂಬ ಮಾತನ್ನು, ಲೋಕ ಹೀಗಿರುವುದರಿಂದ ಲಾಭ ಪಡೆದವನು ಆಡಬಾರದು.

ಇನ್ನೊಂದು ಮಾತು ನ್ಯಾಯವಾಗಿ ಹೇಳಬೇಕು. ಎಲ್ಲ ಋಣವನ್ನೂ ಹಣದಿಂದ ತೀರಿಸಲಾಗುವುದಿಲ್ಲ. ಅಕ್ಕನ ಹತ್ತೊಂಬತ್ತನೆಯ ವಯಸ್ಸನ್ನು ಯಾವ ಪತ್ರದಲ್ಲಿ ಬರೆದು ಹಿಂದಕ್ಕೆ ಕೊಡಲಿ? ಆದರೆ ತೀರದ ಭಾಗವನ್ನು ತೋರಿಸಿ ತೀರುವ ಭಾಗವನ್ನೂ ಮುಚ್ಚಿಡುವುದು ಸಭ್ಯರು ಕಲಿತ ಜಾಣತನ. ಶಾಲು, ಭಾಷಣ, ಪಾದನಮಸ್ಕಾರ ಇವೆಲ್ಲ ಎಷ್ಟೋ ಸಲ ಆ ಮುಚ್ಚಳದ ಕೆಲಸ ಮಾಡುತ್ತವೆ.

ಮರುದಿನ ತರಗತಿಯಲ್ಲಿ ಆ ಹುಡುಗಿಗೆ ಹೇಳಿದೆ: "ನೀನು ಕೇಳಿದ್ದು ಸರಿಯಮ್ಮ. ಉಪಕಾರ ಪಡೆದವರು ಆ ಮಾತು ಹೇಳಬಾರದು." ಇನ್ನೇನಾದರೂ ವಿವರಿಸುತ್ತೇನೆಂದು ಅವಳು ಸ್ವಲ್ಪ ಹೊತ್ತು ನಿಂತೇ ಇದ್ದಳು. ನನಗೆ ಮುಂದೆ ಹೇಳಲು ಆಗಲಿಲ್ಲ.

ಪುಸ್ತಕವನ್ನು ಹಿಂದಿರುಗಿಸುವ ಮೊದಲು ಭರಣಿಯ ಸನ್ನಿವೇಶವಿರುವ ಪುಟವನ್ನು ತೆಗೆದು ನೋಡಿದೆ. ಅಷ್ಟು ಮಂದಿ ಓದುಗರಲ್ಲಿ ಒಬ್ಬರೂ ಅದರ ಅಂಚಿನಲ್ಲಿ ಏನನ್ನೂ ಬರೆದಿಲ್ಲ. ನಾನೂ ಬರೆಯಲಿಲ್ಲ. ತಮ್ಮನಿಗೆ ಕಾಗದ ಬರೆದಿದ್ದೇನೆ: ಊರಿನ ಮನೆಯಲ್ಲಿ ಅಕ್ಕನ ಮೂರನೆಯ ಒಂದು ಪಾಲನ್ನು ಅವಳ ಹೆಸರಿಗೆ ನೋಂದಾಯಿಸೋಣ, ಅವಳು ಬೇಡವೆಂದರೂ ನೋಂದಾಯಿಸೋಣ ಎಂದು. ಮೂರು ವಾರವಾಯಿತು, ಉತ್ತರ ಬಂದಿಲ್ಲ. ಬರದಿದ್ದರೆ ನನ್ನ ಅರ್ಧದಿಂದಲೇ ಕೊಡಬೇಕು. ಅಕ್ಕನಿಗೆ ಇನ್ನೂ ಹೇಳಿಲ್ಲ. ಹೇಳಿದರೆ "ಯಾಕೋ ಇದೆಲ್ಲ?" ಎನ್ನುತ್ತಾಳೆ, ಆಗ ಅವಳ ಮಾತನ್ನು ನೆಪಮಾಡಿಕೊಂಡು ನಾನು ಸುಮ್ಮನಾಗಿಬಿಡಬಹುದೆಂಬ ಭಯ ನನಗಿದೆ.